ಕಿವಿಗೊಂದು, ಕತ್ತರಿಗೊಂದು

ಮೂವತ್ತು ವರ್ಷದ ಹೊಲಿಗೆ ಬದುಕಿನಲ್ಲಿ ಮಾಸ್ಟರು ಯಾರ ಸೊಂಟದ ಸುತ್ತಳತೆಯನ್ನೂ ಇದ್ದ ಹಾಗೆ ಬಾಯಿಬಿಟ್ಟು ಹೇಳಿದವರಲ್ಲ. ಹೊಟ್ಟೆ ಬಂದ ಗಿರಾಕಿ ಉಸಿರು ಬಿಗಿಹಿಡಿದು ನಿಂತಿರುವಾಗ ಟೇಪು ನಲವತ್ತು ತೋರಿಸಿದರೆ, ಮಾಸ್ಟರು "ಮೂವತ್ತೆಂಟು" ಎಂದು ಅಂಗಡಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. ಮೂಲೆಯಲ್ಲಿ ಕೂತು ಗುಂಡಿ ಹಾಕುತ್ತಿದ್ದ ಹೆಂಡತಿ ತುಟಿ ಪಿಟಕ್ಕೆನ್ನದೆ ಅಳತೆ ಪುಸ್ತಕದಲ್ಲಿ ನಲವತ್ತು ಎಂದು ಬರೆದುಕೊಳ್ಳುತ್ತಿದ್ದಳು. ಸೊಂಟಕ್ಕೆ ಎರಡು ಸೇರಿಸು, ಕುಳ್ಳಗಿರುವವರ ಉದ್ದದಲ್ಲಿ ಒಂದು ಕಳೆ. ಮದುವೆಯಾದ ಹೊಸದರಲ್ಲೇ ಗಂಡಹೆಂಡಿರ ನಡುವೆ ಆದ ಒಪ್ಪಂದ ಇದು. "ಕೂಗೋದು ಕಿವಿಗೆ, ಬರೆಯೋದು ಕತ್ತರಿಗೆ" ಎನ್ನುವುದು ಮಾಸ್ಟರ ಮಾತು. ಗಿರಾಕಿ ಖುಷಿಯಾಗಿ ಹೊಟ್ಟೆ ಸಡಿಲ ಬಿಡುತ್ತಿದ್ದ, ಪ್ಯಾಂಟು ಸರಿಯಾಗಿ ಕೂರುತ್ತಿತ್ತು, ಯಾರಿಗೂ ಯಾವ ನಷ್ಟವೂ ಇರಲಿಲ್ಲ.

ಅವರ ಕಣ್ಣಳತೆಯ ಕೀರ್ತಿ ಬೇರೆ. ಸ್ವಂತ ಮಗಳ ಮೈಗೆ ಅವರು ಒಂದು ಸಲವೂ ಟೇಪು ಮುಟ್ಟಿಸಿರಲಿಲ್ಲ. ಶಾಲೆಯಿಂದ ಬಂದು ಬಾಗಿಲಲ್ಲಿ ನಿಂತ ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, "ಅರ್ಧ ಇಂಚು ಬೆಳೆದಿದೀಯಲ್ಲೇ" ಎಂದು ಫ್ರಾಕಿನ ಅಂಚು ಬಿಚ್ಚಲು ಕೂರುತ್ತಿದ್ದರು. ಅರ್ಧ ಇಂಚೇ ಆಗಿರುತ್ತಿತ್ತು. ಹೀಗಾಗಿ ಅಪ್ಪನ ಕಣ್ಣು ತಪ್ಪಬಹುದು ಎನ್ನುವ ಯೋಚನೆ ಆ ಮನೆಯಲ್ಲಿ ಯಾರಿಗೂ ಬಂದಿರಲಿಲ್ಲ. ಮಗಳಿಗಂತೂ ಬಂದೇ ಇರಲಿಲ್ಲ.

ಮಗಳನ್ನು ಮನೆಯಲ್ಲಿ ಕರೆಯುತ್ತಿದ್ದದ್ದು ಮರಿ ಎಂದು. ಇಪ್ಪತ್ತನಾಲ್ಕು ತುಂಬಿದರೂ ಮರಿಯೇ. ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ ಅವಳದು, ಕೈ ಅಪ್ಪನ ಕೈಯಷ್ಟೇ ಚೊಕ್ಕ. ಎಂಟು ತಿಂಗಳ ಹಿಂದೆ ಒಂದು ಬೆಳಿಗ್ಗೆ ಕೆಲಸಕ್ಕೆ ಹೋಗುವ ಬಸ್ಸು ಹೊಳೆಯ ಸೇತುವೆ ಹತ್ತಿದಾಗ, ಕಾರಣವೇ ಇಲ್ಲದೆ ಅವಳ ಎದೆ ಹೊಡೆದುಕೊಳ್ಳತೊಡಗಿತು. ಬೆರಳು ಜೋಮು ಹಿಡಿದವು, ಉಸಿರು ಗಂಟಲಲ್ಲೇ ನಿಂತಿತು, ಇನ್ನೇನು ಸತ್ತೇ ಹೋಗುತ್ತೇನೆ ಅನ್ನಿಸಿತು. ಬಸ್ಸಿನವರು ಆಸ್ಪತ್ರೆಗೆ ಸೇರಿಸಿದರು. ಎದೆಯ ಪರೀಕ್ಷೆ, ರಕ್ತದ ಪರೀಕ್ಷೆ ಎಲ್ಲ ಮಾಡಿ ಏನೂ ಇಲ್ಲ ಎಂದರು. ವಾರ ಕಳೆದ ಮೇಲೆ ಅದೇ ಬಸ್ಸಿನಲ್ಲಿ ಮತ್ತೆ ಅದೇ ಆಯಿತು. ಆಮೇಲೆ ಸ್ಟಾಪಿನಲ್ಲಿ ನಿಂತರೇ ಆಗತೊಡಗಿತು, ಆಮೇಲೆ ಬಸ್ಸಿನ ಸದ್ದು ಕೇಳಿದರೆ. ಭಯ ಅನ್ನುವುದು ಬಾಡಿಗೆಗೆ ಬಂದು ಮನೆಗೇ ಯಜಮಾನನಾಗುವಂಥದ್ದು. ಕೊನೆಗೆ ಮರಿ ಅಪ್ಪನ ತೋಳು ಹಿಡಿಯದೆ ಬೀದಿಯ ತುದಿಯ ತನಕವೂ ಹೋಗದಂತಾದಳು.

ಕನ್ನಡಕದ ಅಂಗಡಿಯ ಯಜಮಾನಿ ಒಳ್ಳೆಯ ಹೆಂಗಸು. ವರ್ಷದ ಕೊನೆಯವರೆಗೆ ಮರಿಯ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳುವುದಿಲ್ಲ ಎಂದಿದ್ದಳು. ಅದರಾಚೆಗೆ ತನ್ನ ಕೈಯಲ್ಲೂ ಆಗುವುದಿಲ್ಲ ಎಂದಿದ್ದಳು. ಮನೆಯಿಂದ ಅಲ್ಲಿಗೆ ಹನ್ನೊಂದು ಸ್ಟಾಪು. ವರ್ಷ ಮುಗಿಯುವುದರೊಳಗೆ ಆ ಹನ್ನೊಂದು ಸ್ಟಾಪನ್ನು ಮರಿ ಒಬ್ಬಳೇ ದಾಟಬೇಕು. ಆ ಮನೆಯಲ್ಲಿ ಊಟಕ್ಕೆ ಕೂತರೂ ಅದೇ ಮಾತು, ಮಾತಿಲ್ಲದೆ ಕೂತರೂ ಅದೇ ಯೋಚನೆ.

ಡಾಕ್ಟರು ಒಂದಷ್ಟು ಮಾತ್ರೆ ಬರೆದುಕೊಟ್ಟು, ಆಸ್ಪತ್ರೆಯ ಹಿಂದಿನ ಕಟ್ಟಡದಲ್ಲಿ ಗುರುವಾರ ಮಧ್ಯಾಹ್ನ ನಡೆಯುವ, ಭಯವನ್ನು ಹಿಡಿತಕ್ಕೆ ತರುವುದು ಹೇಗೆಂದು ಕಲಿಸುವ ತರಗತಿಗೆ ಕಳಿಸಿದರು. ಅದಕ್ಕೊಂದು ಉದ್ದನೆಯ ಹೆಸರಿತ್ತು, ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ ಅಂತ. ಕಲಿಸುವ ಮೇಡಂ ಚಿಕ್ಕದಾಗಿ ಡಿಬಿಟಿ ಅನ್ನುತ್ತಿದ್ದರು. ಮೊದಲ ದಿನವೇ, ಎದೆಬಡಿತ ಇಳಿಯಲೆಂದು ಮುಖವನ್ನು ತಣ್ಣೀರಿನ ಬೋಗುಣಿಯಲ್ಲಿ ಅದ್ದುವುದನ್ನು ಕಲಿಸಿದ್ದರಿಂದ ಮಾಸ್ಟರ ಹೆಂಡತಿ ಅದಕ್ಕೆ ತಣ್ಣೀರು ಕ್ಲಾಸು ಎಂದು ನಾಮಕರಣ ಮಾಡಿದಳು. ಮರಿಯಂಥವರು ಒಟ್ಟು ಒಂಬತ್ತು ಜನ ಇದ್ದರು. ಒಬ್ಬಳೇ ಕೂರಲಾರೆ ಎಂದು ಮರಿ ಹಟ ಹಿಡಿದದ್ದರಿಂದ ಮಾಸ್ಟರಿಗೂ ಗೋಡೆಬದಿಯಲ್ಲಿ ಒಂದು ಕುರ್ಚಿ ಸಿಕ್ಕಿತು.

ಸುಮ್ಮನೆ ಕಾಯಲು ಹೋದ ಮಾಸ್ಟರು ಆ ತರಗತಿಯ ಜಾಣ ವಿದ್ಯಾರ್ಥಿಯಾಗಿಬಿಟ್ಟರು. ಅಳತೆ ಪುಸ್ತಕದ ಹಿಂದಿನ ಪುಟಗಳಲ್ಲಿ ಎಲ್ಲವನ್ನೂ ಬರೆದುಕೊಂಡರು. ಭಯ ಹತ್ತಿದಾಗ ಮೊದಲು ನಿಲ್ಲು, ಒಂದು ಹೆಜ್ಜೆ ಹಿಂದೆ ಸರಿ, ಏನಾಗುತ್ತಿದೆ ನೋಡು, ಆಮೇಲೆ ಕೈ ಹಾಕು. ಕತ್ತರಿ ಹಿಡಿಯುವವನಿಗೆ ಇದನ್ನು ಹೇಳಿಕೊಡಬೇಕೇ ಎಂದು ಅವರಿಗೆ ಒಳಗೊಳಗೇ ಹೆಮ್ಮೆ. ನಾಲ್ಕು ಎಣಿಸಿ ಉಸಿರು ಎಳೆದು ಆರು ಎಣಿಸಿ ಬಿಡುವುದನ್ನು ಅಂಗಡಿಯಲ್ಲೂ ಅಭ್ಯಾಸ ಮಾಡುತ್ತಿದ್ದರು. "ಏನ್ ಮಾಸ್ಟರ್, ನನ್ನ ಕೋಟಿಗೆ ಗಾಳಿ ತುಂಬಿಸ್ತಾ ಇದೀರಾ" ಎಂದು ಒಬ್ಬ ಗಿರಾಕಿ ರೇಗಿಸಿದ. ಕಾಣುವ ಐದು ವಸ್ತು, ಮುಟ್ಟುವ ನಾಲ್ಕು, ಕೇಳಿಸುವ ಮೂರು ಸದ್ದು, ಹೀಗೆ ಹೆಸರಿಸುತ್ತ ಓಡುವ ಮನಸ್ಸನ್ನು ಇದ್ದಲ್ಲಿಗೆ ಕರೆತರುವುದು ಇನ್ನೊಂದು ಪಾಠ. ಭಯ ಓಡು ಅಂದರೆ ಕೂರು, ಅಡಗು ಅಂದರೆ ಎದ್ದು ನಿಲ್ಲು, ಇದು ಮತ್ತೊಂದು. ಎಲ್ಲಕ್ಕೂ ತಳಪಾಯ ಒಂದೇ ಎಂದು ಮೇಡಂ ಪ್ರತಿ ವಾರ ಹೇಳುತ್ತಿದ್ದರು. ಒಳ್ಳೆಯದು ಕೆಟ್ಟದ್ದು ಅಂತ ತೀರ್ಪು ಕೊಡದೆ, ಇರೋದನ್ನ ಇರೋ ಹಾಗೆ ನೋಡಿ ಅಂತ.

ಇದೊಂದು ಪಾಠ ಮಾತ್ರ ಮಾಸ್ಟರಿಗೆ ಹಿಡಿಸಲಿಲ್ಲ. ಇರುವುದನ್ನು ಇರುವ ಹಾಗೆ ಹೇಳುತ್ತಾ ಹೋದರೆ ಅಂಗಡಿ ಉಳಿಯುತ್ತದೆಯೇ, ಮನುಷ್ಯರು ಉಳಿಯುತ್ತಾರೆಯೇ? ಆದರೂ ಕಲಿತ ಮೇಡಂ ಹೇಳುತ್ತಾರೆ ಎಂದು ಅದನ್ನೂ ಬರೆದುಕೊಂಡರು.

ಆ ಕ್ಲಾಸಿನಲ್ಲಿ ಒಂದು ಕಾರ್ಡು ಕೊಡುತ್ತಿದ್ದರು. ದಿನಕ್ಕೊಂದು ಚೌಕ. ಆ ದಿನ ಭಯ ಎಷ್ಟಿತ್ತು ಎಂದು ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕಿ ಬರೆಯಬೇಕು. ಗುರುವಾರ ಮೇಡಂ ಒಬ್ಬೊಬ್ಬರ ಕಾರ್ಡನ್ನೂ ಓದಿ ಬೋರ್ಡಿನ ಮೇಲೆ ಗೆರೆ ಎಳೆಯುತ್ತಿದ್ದರು. ಗೆರೆ ಇಳಿದರೆ ಮುಂದಿನ ಮೆಟ್ಟಿಲು. ಮರಿಗೆ ಹಾಕಿಕೊಟ್ಟ ಮೆಟ್ಟಿಲುಗಳು ಮೂರು: ನಾಲ್ಕಕ್ಕೆ ಇಳಿದರೆ ಒಬ್ಬಳೇ ಒಂದು ಸ್ಟಾಪು, ಅಂಕಿ ನಾಲ್ಕರಲ್ಲೇ ನಿಂತರೆ ಮೂರು ಸ್ಟಾಪು, ಮೂರಕ್ಕೆ ಇಳಿದರೆ ಪೂರ್ತಿ ಹನ್ನೊಂದು.

ಮೊದಲ ವಾರ ಮರಿ ತಾನೇ ಅಂಕಿ ಹೇಳಿದಳು, ಮಾಸ್ಟರು ಬರೆದರು. ಎಂಟು, ಎಂಟು, ಒಂಬತ್ತು, ಎಂಟು. ಗುರುವಾರ ಮೇಡಂ ಅದನ್ನು ಓದಿದಾಗ ಉಳಿದ ಎಂಟೂ ಜನ ತಿರುಗಿ ನೋಡಿದರು. ಮೇಡಂ ಬೈಯಲಿಲ್ಲ, "ಹೀಗೇ ನಿಜ ಬರೀಬೇಕು" ಎಂದು ಬೆನ್ನು ತಟ್ಟಿದರು. ಆದರೆ ಮರಿ ತಲೆ ತಗ್ಗಿಸಿ, ಎರಡೂ ಕೈಯನ್ನು ತೊಡೆಯ ಕೆಳಗೆ ಸೇರಿಸಿ ಕೂತದ್ದನ್ನು ಮಾಸ್ಟರು ಗೋಡೆಬದಿಯಿಂದ ನೋಡಿದರು. ತಕ್ಕಡಿ ಮೇಲೆ ನಿಲ್ಲಿಸಿ ತೂಕ ಕೂಗಿದ ಹಾಗಾಯಿತು ಅವರಿಗೆ.

ಆವತ್ತು ಸಂಜೆ ಕಾರ್ಡು ಮುಂದಿಟ್ಟಾಗ ಮರಿ ಮುಖ ತಿರುಗಿಸಿದಳು.

"ನೀನೇ ಬರ್ಕೊ ಅಪ್ಪ. ನಂಬರ್ ಯೋಚನೆ ಮಾಡಿದ್ರೇನೆ ಎದೆ ಹೊಡ್ಕೊಳ್ಳುತ್ತೆ. ನಿಂಗೆ ನೋಡಿದ್ರೆ ಗೊತ್ತಾಗುತ್ತಲ್ಲ."

ಮಾಸ್ಟರು ನೋಡಿದರು. ಭುಜ ಕಿವಿಯ ಹತ್ತಿರಕ್ಕೆ ಬಂದಿದೆ, ಕತ್ತಿನ ನರ ಎದ್ದಿದೆ, ತುಟಿ ಒಣಗಿದೆ. ಎಂಟು, ಎಂಟಕ್ಕೆ ಚೂರೂ ಕಡಿಮೆಯಿಲ್ಲ. ಪೆನ್ನು ಹಿಡಿದ ಕೈ ಆರು ಎಂದು ಬರೆಯಿತು. ಮೂವತ್ತು ವರ್ಷದ ಅಭ್ಯಾಸ, ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಮುಂದಿನ ಗುರುವಾರ ಮೇಡಂ "ಆರು" ಎಂದು ಓದಿದಾಗ ಮರಿ ಸೋಜಿಗದಿಂದ ಅಪ್ಪನ ಕಡೆ ನೋಡಿದಳು. ಮಾಸ್ಟರು ಹೌದೆಂಬಂತೆ ತಲೆಯಾಡಿಸಿದರು. ಅವಳ ಮುಖದಲ್ಲಿ ಎಷ್ಟೋ ತಿಂಗಳಿಂದ ಕಾಣದಿದ್ದ ಒಂದು ನಗು ಮೂಡಿತು. ಆ ನಗುವನ್ನು ಕಂಡ ಮೇಲೆ ಯಾವ ಅಪ್ಪನ ಕೈ ತಾನೇ ಮತ್ತೆ ಎಂಟು ಬರೆದೀತು? ಹೆತ್ತವರ ಬುದ್ಧಿ ಇಷ್ಟೇ. ಮಗುವಿನ ನಗುವಿಗೂ ನಿಜಕ್ಕೂ ಜಗಳ ಬಿದ್ದರೆ ನಿಜವನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿಕೊಳ್ಳುತ್ತದೆ.

ಹೀಗೆ ಆರು ಐದಾಯಿತು, ಐದು ನಾಲ್ಕಾಯಿತು. ಬೋರ್ಡಿನ ಮೇಲೆ ಮರಿಯ ಗೆರೆ ಚೆನ್ನಾಗಿ ಇಸ್ತ್ರಿ ಮಾಡಿದ ಮಡಿಕೆಯ ಹಾಗೆ ನೇರವಾಗಿ ಇಳಿಯಿತು. ಅವಳ ಪಕ್ಕದಲ್ಲಿ ಕೂರುತ್ತಿದ್ದ ಮುದುಕಿಯೊಬ್ಬಳ ಗೆರೆ ಮಾತ್ರ ಒಂಬತ್ತರಲ್ಲೇ ಇತ್ತು. ಅಜ್ಜಿ ಅಂತಲೇ ಎಲ್ಲರೂ ಕರೆಯುತ್ತಿದ್ದ ಅವಳು ಪ್ರತಿ ವಾರ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಬಂದು, ಬೆವರು ಒರೆಸಿಕೊಂಡು, "ನಂದು ಒಂಬತ್ತಮ್ಮ, ಈ ವಾರವೂ ಒಂಬತ್ತೇ" ಎಂದು ಮಳೆಯ ಸುದ್ದಿ ಹೇಳುವಂತೆ ಹೇಳುತ್ತಿದ್ದಳು.

ಮಾಸ್ಟರ ಹೆಂಡತಿ ಕ್ಲಾಸಿಗೆ ಹೋದವಳಲ್ಲ. ಆದರೆ ಒಂದು ದಿನ ಮೇಜಿನ ಮೇಲಿದ್ದ ಕಾರ್ಡು ನೋಡಿದಳು, ಒಳಗೆ ಗೋಡೆಗೊರಗಿ ಕೂತಿದ್ದ ಮಗಳನ್ನೂ ನೋಡಿದಳು.

"ರೀ, ಇದಕ್ಕೆ ಎರಡು ಸೇರಿಸ್ಕೋಬೇಕು ಅಂತ ಆ ಮೇಡಂಗೆ ಹೇಳಿದೀರಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಾಸ್ಟರು ಕಾರ್ಡು ಕಿತ್ತುಕೊಂಡು ಜೇಬಿಗೆ ಹಾಕಿಕೊಂಡರು.

"ನಿಂಗೆ ಇದೆಲ್ಲ ಅರ್ಥ ಆಗಲ್ಲ ಸುಮ್ನಿರು. ಧೈರ್ಯ ಬರ್ಲಿ ಅಂತ ಸ್ವಲ್ಪ..."

"ಗಿರಾಕಿಗೆ ಧೈರ್ಯ ನೀವು ಕೊಡ್ತಿದ್ರಿ, ಸರಿ. ಪುಸ್ತಕ ನನ್ನ ಹತ್ರ ಇರ್ತಿತ್ತು. ಇದಕ್ಕೆ ಪುಸ್ತಕ ಯಾರ ಹತ್ರ ಇದೆ?"

ಮಾಸ್ಟರು ಗುಂಡಿ ಡಬ್ಬಿ ಹುಡುಕುವವರಂತೆ ಅಂಗಡಿಯ ಕಡೆ ನಡೆದರು. ಆದರೆ ಮಾತು ಹೊಟ್ಟೆಯಲ್ಲಿ ಉಳಿಯಿತು. ಅದೇ ಗುರುವಾರ ಕ್ಲಾಸಿಗೆ ಅರ್ಧ ಗಂಟೆ ಮೊದಲೇ ಹೋಗಿ, ಮೇಡಂಗೆ ಎಲ್ಲ ಹೇಳಿಬಿಡಬೇಕು ಎಂದು ಬಾಗಿಲಲ್ಲಿ ನಿಂತರು. ಮೇಡಂ ಅವರನ್ನು ಕಂಡವರೇ ಒಳಗೆ ಕರೆದು ಕೂರಿಸಿದರು.

"ಮಾಸ್ಟರ್, ನಾನೇ ನಿಮ್ಮನ್ನ ಹುಡುಕ್ತಾ ಇದ್ದೆ. ಮನೆಯವರು ಹೀಗೆ ಕೂತು ಕಲಿತ್ರೆ ಎಷ್ಟು ಬೇಗ ಇಳಿಯುತ್ತೆ ನೋಡಿ. ಬೇರೆಯವರ ಮನೆಯವರಿಗೂ ನೀವೊಂದು ನಾಲ್ಕು ಮಾತು ಹೇಳ್ಬೇಕು."

ಹೇಳಬೇಕಾಗಿದ್ದ ಮಾತು ಮಾಸ್ಟರ ಗಂಟಲಿಂದ ಕೆಳಗಿಳಿದು ಹೋಯಿತು. ಹೊಗಳಿಕೆ ಅನ್ನುವುದು ಕೆಟ್ಟ ಮದ್ದು, ಸರಿಯಾಗಿ ಸುಳ್ಳಾಡಿದವನಿಗೇ ಹೆಚ್ಚು ಸಿಹಿ. "ಆಯ್ತು ಮೇಡಂ" ಎಂದು ಎದ್ದುಬಂದರು. ಆವತ್ತು ಅವರ ನಾಲ್ಕು ಮಾತಿಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಅಜ್ಜಿ ಕೂಡ ತಟ್ಟಿದಳು.

ಒಂದು ಸ್ಟಾಪಿನ ದಿನ ಬಂತು. ಮರಿ ಮನೆಯ ಹತ್ತಿರ ಬಸ್ಸು ಹತ್ತಬೇಕು, ಮುಂದಿನ ಸ್ಟಾಪಿನಲ್ಲಿ ಇಳಿಯಬೇಕು. ಮಾಸ್ಟರು ಮೊದಲೇ ಹೋಗಿ ಆ ಸ್ಟಾಪಿನಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಬಸ್ಸು ಬಂತು. ಮರಿ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಮುಖದಲ್ಲಿ ರಕ್ತವಿರಲಿಲ್ಲ, ಬೆನ್ನಿನ ಬಟ್ಟೆ ಒದ್ದೆಯಾಗಿ ಅಂಟಿಕೊಂಡಿತ್ತು.

"ಎಷ್ಟಪ್ಪ?" ಎಂದಳು.

"ನಾಲ್ಕು. ನಾಲ್ಕು ಅಷ್ಟೆ ಮರಿ. ಎಷ್ಟು ಚೆನ್ನಾಗಿ ಇಳಿದೆ."

"ನಾಲ್ಕಾ?" ಎಂದು ಕೇಳಿ ತನ್ನ ಎದೆಯ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ, "ನಂಗೇನೋ ಜಾಸ್ತಿ ಅನ್ನಿಸ್ತು. ನೀನು ಹೇಳಿದ್ರೆ ಸರಿ ಇರುತ್ತೆ" ಎಂದಳು.

ಮೂರು ಸ್ಟಾಪೂ ಆಯಿತು. ವರ್ಷ ಮುಗಿಯಲು ಎರಡು ವಾರ ಉಳಿದಿತ್ತು. ಮಾಸ್ಟರು ಕಾರ್ಡಿನಲ್ಲಿ ಮೂರು ಬರೆದರು. ಆ ಮೂರನ್ನು ಬರೆಯುವಾಗ ಕೈ ಸ್ವಲ್ಪ ತಡೆಯಿತು, ನಿಜ. ಆದರೆ ಮಗಳು ಗಟ್ಟಿಯಾಗುತ್ತಿದ್ದಾಳೆ, ಒಂದು ಸಲ ಪೂರ್ತಿ ಹೋಗಿ ಬಂದರೆ ತಾನು ಬರೆದದ್ದೇ ನಿಜವಾಗುತ್ತದೆ ಎಂದು ತಮಗೆ ತಾವೇ ಹೇಳಿಕೊಂಡರು. ಸೋಮವಾರ ಬೆಳಿಗ್ಗೆ ಪೂರ್ತಿ ಹನ್ನೊಂದು ಸ್ಟಾಪು ಎಂದು ಮೇಡಂ ದಿನ ಗೊತ್ತುಮಾಡಿದರು. ಕನ್ನಡಕದ ಅಂಗಡಿಗೆ ಫೋನ್ ಹೋಯಿತು. ಯಜಮಾನಿ ಮರಿಯ ಮೇಜನ್ನು ಒರೆಸಿಡುತ್ತೇನೆ ಎಂದಳು.

ಸೋಮವಾರ ಮರಿ ಬೂದು ಬಣ್ಣದ ಕೋಟು ಹಾಕಿಕೊಂಡಳು. ಅಪ್ಪನೇ ಹೊಲಿದದ್ದು. ಎಂಟು ತಿಂಗಳಲ್ಲಿ ಮೈ ಇಳಿದಿದ್ದರಿಂದ ಭುಜದ ಹತ್ತಿರ ಜೋತುಬಿದ್ದಿತ್ತು. "ಸಂಜೆ ಬಾ, ಭುಜ ಹಿಡಿದು ಹೊಲಿದುಕೊಡ್ತೀನಿ" ಎಂದು ಮಾಸ್ಟರು ಅವಳನ್ನು ಬಸ್ಸು ಹತ್ತಿಸಿದರು. ಕಿಟಕಿಯ ಗಾಜಿನ ಹಿಂದೆ ಅವಳ ತುಟಿ ನಾಲ್ಕು ಎಣಿಸಿ ಆರು ಎಣಿಸುತ್ತಿದ್ದದ್ದು ಕಾಣಿಸಿತು. ಬಸ್ಸು ಹೋದ ಮೇಲೆ ಮಾಸ್ಟರು ಅಂಗಡಿಗೆ ಹೋಗಿ ಒಂದು ಪ್ಯಾಂಟಿನ ಬಟ್ಟೆ ಹಾಸಿಕೊಂಡರು. ಸೀಮೆಸುಣ್ಣ ಹಿಡಿದರು, ಗೆರೆ ಎಳೆಯಲಿಲ್ಲ. ಅರ್ಧ ಗಂಟೆಯೊಳಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

"ನಾನು ಪಂಕ್ಚರ್ ಅಂಗಡಿಯವನು, ಸೇತುವೆ ಆದ್ಮೇಲೆ ಎರಡನೇ ಸ್ಟಾಪು. ನಿಮ್ಮ ಮಗಳು ಇಲ್ಲಿದ್ದಾರೆ. ಬಸ್ಸಿಳಿದು ಓಡಿ ಬಂದೋರು, ನಾನು ಟ್ಯೂಬು ಅದ್ದೋ ತೊಟ್ಟೀಲಿ ಮುಖ ಅದ್ದಿಬಿಟ್ರು ಸಾರ್. ಗಲೀಜು ನೀರು ಅದು, ಬೇಡ ಅಂದ್ರೂ ಕೇಳ್ಲಿಲ್ಲ. ಬೇಗ ಬನ್ನಿ."

ಮಾಸ್ಟರು ಸೀಮೆಸುಣ್ಣ ಕೈಯಲ್ಲಿ ಹಿಡಿದೇ ಬೀದಿಗೆ ಬಂದು ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಉಸಿರು ಎಣಿಸಲು ನೋಡಿದರು, ಎರಡರ ಮೇಲೆ ಲೆಕ್ಕ ಹೋಗಲಿಲ್ಲ.

ಮರಿ ಪಂಕ್ಚರ್ ಅಂಗಡಿಯ ಮುಂದೆ ಮಡಚಿಟ್ಟ ಗೋಣಿಯ ಮೇಲೆ ಕೂತಿದ್ದಳು. ಕೂದಲಿಂದ ಕಪ್ಪು ನೀರು ಇಳಿದು ಕೋಟಿನ ಕಾಲರ್ ನೆನೆದಿತ್ತು. ಅಂಗಡಿಯವನು ದೂರ ನಿಂತು ತಾನು ಕೈ ಒರೆಸುವ ಬಟ್ಟೆಯ ತುಂಡೊಂದನ್ನು ಕೊಡಲೋ ಬೇಡವೋ ಎಂದು ಹಿಡಿದುಕೊಂಡಿದ್ದ. ಮಾಸ್ಟರು ಹೋಗಿ ನೆಲದ ಮೇಲೆಯೇ ಕೂತರು.

"ಎಲ್ಲಾ ಮಾಡಿದೆ ಅಪ್ಪ," ಎಂದಳು ಮರಿ. ಮಾತು ತುಂಡುತುಂಡಾಗಿ ಬರುತ್ತಿತ್ತು. "ಉಸಿರು ಎಣಿಸಿದೆ. ಕಾಣೋದು, ಮುಟ್ಟೋದು, ಕೇಳ್ಸೋದು ಎಲ್ಲಾ ಹೇಳ್ಕೊಂಡೆ. ಭಯ ಎದ್ದೋಡು ಅಂತಿತ್ತು, ಏಳಬಾರ್ದು ಅಂತ ಸೀಟು ಹಿಡ್ಕೊಂಡು ಕೂತೆ. ಸೇತುವೆ ಪೂರ್ತಿ ಕೂತೇ ಇದ್ದೆ. ಆಮೇಲೆ ಆಗ್ಲಿಲ್ಲ."

ಮಾಸ್ಟರ ಬಾಯಿಗೆ ಬಂದದ್ದು ಪಾಠ. "ಆಯ್ತು, ಆಯ್ತು. ಈಗ ಕಾಣೋ ಐದು ವಸ್ತು ಹೇಳು ಮರಿ."

ಅವಳು ವಿಧೇಯಳಾಗಿ ಸುತ್ತ ನೋಡಿದಳು. "ಟೈರು. ಟೈರು. ಟೈರು. ಟೈರು." ಐದನೆಯದಕ್ಕೆ ಅಪ್ಪನ ಮುಖ ನೋಡಿದಳು.

ಪಂಕ್ಚರ್ ಅಂಗಡಿಯವನು ಬಟ್ಟೆಯ ತುಂಡನ್ನು ಮಾಸ್ಟರ ಕೈಗೆ ಕೊಟ್ಟು ಒಳಗೆ ಹೋದ. ಮಾಸ್ಟರು ಮಗಳ ಕೂದಲು ಒರೆಸಿದರು. ಬಟ್ಟೆಯಲ್ಲಿದ್ದ ಗ್ರೀಸು ಅವಳ ಕೆನ್ನೆಗೆ ಹತ್ತಿತು.

"ಈಗ ಎಷ್ಟಿದೆ ಅಪ್ಪ? ನೋಡಿ ಹೇಳು."

ಮಾಸ್ಟರು ನೋಡಿದರು. ನೋಡುವುದೇನಿತ್ತು, ಅಂಗೈ ಹುಣ್ಣಿಗೆ ಕನ್ನಡಿ ಬೇಕೆ. ಹತ್ತು. ಹತ್ತರ ಮೇಲೆ ಅಂಕಿಯಿದ್ದಿದ್ದರೆ ಅದು. ಮಗು ಹೆದರಬಾರದು ಎಂದು ಅವರ ಬಾಯಿ ತಾನಾಗಿಯೇ ತೆರೆದುಕೊಂಡಿತು.

"ಐದು. ಐದು ಇರ್ಬೋದು ಅಷ್ಟೆ."

ಹಿಂದೆಲ್ಲ ಆ ಮಾತಿಗೆ ಅವಳ ಭುಜ ಸ್ವಲ್ಪ ಇಳಿಯುತ್ತಿತ್ತು. ಈ ಸಲ ಅವಳು ಬೆಚ್ಚಿದಳು. ಅಪ್ಪನ ತೋಳಿನಿಂದ ಹಿಂದೆ ಸರಿದು ಅವರನ್ನೇ ದಿಟ್ಟಿಸಿದಳು.

"ಇದು ಐದಾ?"

ಮಾಸ್ಟರು ಅವಳ ಕೆನ್ನೆಯ ಗ್ರೀಸು ಒರೆಸಲು ಕೈ ಚಾಚಿದರು.

"ಇದು ಐದು ಅಂದ್ರೆ ಹತ್ತು ಹೇಗಿರುತ್ತೆ ಅಪ್ಪ?" ಅವಳ ಕಣ್ಣು ಅಗಲವಾಗಿದ್ದವು. "ಆ ಅಜ್ಜಿ ಒಂಬತ್ತು ಇಟ್ಕೊಂಡು ಎರಡು ಬಸ್ಸು ಬದಲಾಯಿಸಿ ಬರ್ತಾರೆ. ಬಂದು ನಗ್ತಾರೆ. ನಾನು ಮೂರು ನಾಲ್ಕಕ್ಕೇ ಸಾಯೋ ಹಾಗಾಗ್ತೀನಿ. ದಿನಾ ರಾತ್ರಿ ಅದನ್ನೇ ಯೋಚಿಸ್ತೀನಿ ಅಪ್ಪ, ನಾಲ್ಕೇ ಹೀಗಿದ್ರೆ ನಿಜವಾದ ಭಯ ಬಂದ ದಿನ ನಾನೇನಾಗ್ತೀನಿ ಅಂತ. ನಾನು ಯಾವುದಕ್ಕೂ ಬರಲ್ಲ, ಅಲ್ವಾ? ಎಲ್ಲರಿಗೂ ಇರೋ ಅಷ್ಟು ಭಯಾನೂ ತಡ್ಕೊಳ್ಳಕ್ಕಾಗಲ್ಲ ನಂಗೆ."

ಮಾಸ್ಟರು ಮೂರು ತಿಂಗಳಿಂದ ಮಗಳಿಗೆ ಧೈರ್ಯ ಹೊಲಿದು ಕೊಡುತ್ತಿದ್ದೇನೆ ಅಂದುಕೊಂಡಿದ್ದರು. ತಾವು ಇಳಿಸಿದ ಒಂದೊಂದು ಅಂಕಿಯೂ ಮಗಳನ್ನು ಅವಳ ಕಣ್ಣಲ್ಲೇ ಅಷ್ಟಷ್ಟು ಕೆಳಗಿಳಿಸಿತ್ತು ಎಂದು ಅವರಿಗೆ ಹೊಳೆದೇ ಇರಲಿಲ್ಲ. ಹಿಮಾಲಯ ಹೊತ್ತವಳಿಗೆ ಅದು ಹುಲ್ಲಿನ ಹೊರೆ ಎಂದು ಹೇಳಿ ನಾಚಿಕೆಪಡಿಸಿದ್ದರು. ಈಗಲೂ ಸುಮ್ಮನಿದ್ದುಬಿಡಬಹುದಿತ್ತು. ಹೇಳಿದರೆ ಅವಳು ನಂಬಿದ್ದ ಒಂದೇ ಒಂದು ವಸ್ತು ಹೋಗುತ್ತದೆ. ಹೇಳದಿದ್ದರೆ ಅವಳೇ ಹೋಗುತ್ತಾಳೆ.

"ಅದು ಐದಲ್ಲ ಮರಿ," ಎಂದರು. "ಯಾವತ್ತೂ ನಾಲ್ಕು ಆಗಿರ್ಲಿಲ್ಲ. ನಾನು ಕಡಿಮೆ ಬರೀತಿದ್ದೆ."

ರಸ್ತೆಯಲ್ಲಿ ಒಂದು ಲಾರಿ ಹೋಯಿತು. ಕಣ್ಮರೆಯಾಗುವ ತನಕ ಮರಿ ಅದನ್ನೇ ನೋಡುತ್ತಿದ್ದಳು.

"ಯಾವಾಗಿಂದ?"

"ಎರಡನೇ ವಾರದಿಂದ."

"ಯಾಕೆ?"

"ಎಲ್ಲರ ಮುಂದೆ ಎಂಟು ಅಂತ ಓದಿದಾಗ ನೀನು ತಲೆ ತಗ್ಗಿಸ್ದೆ. ನೋಡಕ್ಕಾಗ್ಲಿಲ್ಲ ನಂಗೆ."

ಮರಿ ಅಳುತ್ತಾಳೆ ಎಂದುಕೊಂಡರು. ಬೈಯುತ್ತಾಳೆ ಎಂದುಕೊಂಡರು. ಎರಡೂ ಆಗಲಿಲ್ಲ. ಅವಳು ಬೆರಳು ಮಡಚುತ್ತ ಏನೋ ಲೆಕ್ಕ ಹಾಕುತ್ತಿದ್ದಳು.

"ಒಂದು ಸ್ಟಾಪು ಹೋದ ದಿನ ಎಷ್ಟಿತ್ತು?"

"ಏಳು. ಎಂಟೂ ಇರ್ಬೋದು."

"ಸರಿಯಾಗಿ ಹೇಳು."

ಮಾಸ್ಟರು ಕಣ್ಣು ಮುಚ್ಚಿ ನೆನಪು ಮಾಡಿಕೊಳ್ಳಲು ನೋಡಿದರು. ಒದ್ದೆ ಬೆನ್ನು ನೆನಪಾಯಿತು, ಕಂಬಿ ಹಿಡಿದ ಕೈ ನೆನಪಾಯಿತು. ಅಂಕಿ ನೆನಪಾಗಲಿಲ್ಲ. ಬರೆದ ನಾಲ್ಕು ಅದರ ಮೇಲೆ ಕೂತುಬಿಟ್ಟಿತ್ತು. ಮೂರು ತಿಂಗಳ ನಿಜವಾದ ಅಳತೆ ಯಾವ ಪುಟದಲ್ಲೂ ಇರಲಿಲ್ಲ.

"ಗೊತ್ತಿಲ್ಲ ಮರಿ. ಎಲ್ಲೂ ಬರೆದಿಟ್ಟಿಲ್ಲ. ನಿಂಗೆ... ನಿಂಗೆ ಎಷ್ಟು ಅನ್ನಿಸಿತ್ತು?"

"ನಂಗೂ ಗೊತ್ತಿಲ್ಲ. ನೀನು ನಾಲ್ಕು ಅಂದೆ. ಹಾಗಾದ್ರೆ ನಾಲ್ಕು ಅಂದ್ರೆ ಹೀಗೆ ಅಂತ ಕಲಿತ್ಕೊಂಡೆ." ಅವಳು ತನ್ನ ಎದೆಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡಳು. "ಈಗ ನಂಗೆ ಯಾವುದು ಎಷ್ಟು ಅಂತಾನೇ ಗೊತ್ತಾಗ್ತಿಲ್ಲ ಅಪ್ಪ."

ಮಾಸ್ಟರು ಕ್ಲಾಸಿನಲ್ಲಿ ಕೂತು ಇಪ್ಪತ್ತೆಂಟು ಪುಟ ಬರೆದುಕೊಂಡಿದ್ದರು, ಒಂದರಲ್ಲೂ ಇದಕ್ಕೆ ಉಪಾಯವಿರಲಿಲ್ಲ. ಮಗಳ ಫೋನು ಕೋಟಿನ ಜೇಬಿನಲ್ಲಿ ಹೊಡೆದುಕೊಂಡಿತು. ಕನ್ನಡಕದ ಅಂಗಡಿಯವಳು. ಮರಿ ಅದನ್ನು ತೆಗೆದು ನೋಡಿ, ಸದ್ದು ನಿಲ್ಲುವ ತನಕ ಹಾಗೇ ಹಿಡಿದುಕೊಂಡಿದ್ದಳು. ಎರಡು ಸಲ ಹೊಡೆದು ನಿಂತಿತು, ಮೂರನೇ ಸಲ ಬರಲಿಲ್ಲ.

ವಾಪಸು ಹೋಗುವ ಬಸ್ಸು ಬಂತು. ಮಾಸ್ಟರು ಎದ್ದರು. ಮರಿ ಬಸ್ಸಿನ ಬಾಗಿಲನ್ನು ನೋಡಿ ಬೇಡವೆಂದು ತಲೆಯಾಡಿಸಿದಳು. ಬಸ್ಸು ಹೋಯಿತು. ಮನೆ ಆರು ಸ್ಟಾಪು ದೂರ. ಇಬ್ಬರೂ ನಡೆಯತೊಡಗಿದರು.

ಸ್ವಲ್ಪ ದೂರ ಹೋದ ಮೇಲೆ ಮರಿ ಹೇಳಿದಳು, "ಗುರುವಾರ ನೀನು ಬರ್ಬೇಡ."

"ಬರಲ್ಲ. ಆಯ್ತು. ಆದ್ರೆ ನೀನು ಒಬ್ಬಳೇ ಹೇಗೆ ಹೋಗ್ತೀಯ?"

"ಹೋಗಲ್ಲ."

ಮಾಸ್ಟರು ದಾರಿ ಹುಡುಕಿದರು. ಅಮ್ಮ ಬರಲಿ ಎನ್ನೋಣವೆಂದರೆ ಅಂಗಡಿಯ ಕೆಲಸವೆಲ್ಲ ನಿಂತುಹೋಗುತ್ತದೆ, ನಿಲ್ಲಲಿ ಎಂದರೂ ಭಯ ಹತ್ತಿದ ಮೇಲೆ ಮರಿ ಅಮ್ಮನ ಜೊತೆ ಬೀದಿಗಿಳಿದವಳೇ ಅಲ್ಲ. ಮೇಡಂಗೆ ಹೇಳುತ್ತೇನೆ, ಮೊದಲಿಂದ ಶುರುಮಾಡೋಣ, ಯಜಮಾನಿಯ ಕಾಲು ಹಿಡಿಯುತ್ತೇನೆ, ಹೀಗೆ ಒಂದೊಂದೇ ಮಾತು ತುಟಿಯ ತನಕ ಬಂತು. ತಮ್ಮ ಬಾಯಿಂದ ಬರುವ ಯಾವ ಮಾತಿಗೆ ಇನ್ನು ಅವಳ ಹತ್ತಿರ ಬೆಲೆಯಿದೆ ಎಂದು ಪ್ರತಿಯೊಂದನ್ನೂ ನುಂಗಿಕೊಂಡರು. ಅವಳು ಎರಡು ಹೆಜ್ಜೆ ಮುಂದೆ, ಇವರು ಎರಡು ಹೆಜ್ಜೆ ಹಿಂದೆ ನಡೆದರು.

ಸೇತುವೆ ಬಂತು. ಮರಿ ಅದರ ಬಾಯಲ್ಲೇ ನಿಂತಳು. ಬಸ್ಸುಗಳು ಪಕ್ಕದಲ್ಲೇ ಹಾಯುತ್ತಿದ್ದವು, ಕಾಲ ಕೆಳಗೆ ನೆಲ ಸಣ್ಣಗೆ ಅದುರುತ್ತಿತ್ತು. ಅವಳ ಭುಜ ಮೇಲೇರಿತು, ಉಸಿರು ಚಿಕ್ಕದಾಯಿತು. ಒಂದು ಹೆಜ್ಜೆ ಇಟ್ಟಳು, ಹಿಂದೆ ತೆಗೆದಳು. ಇನ್ನೊಮ್ಮೆ ಇಟ್ಟಳು, ತೆಗೆದಳು. ಮಾಸ್ಟರು ಉಸಿರಿನ ಮಾತು ಎತ್ತಲಿಲ್ಲ, ಐದು ವಸ್ತು ಕೇಳಲಿಲ್ಲ. ಪಕ್ಕಕ್ಕೆ ಬಂದು ನಿಂತರು, ಅಷ್ಟೇ.

ಬಹಳ ಹೊತ್ತು ಹಾಗೆಯೇ ನಿಂತಿದ್ದರು. ಆ ಕಡೆ ದಾಟದೆ ಮನೆಯಿಲ್ಲ, ಹಿಡಿದುಕೊಳ್ಳಲು ಅಲ್ಲಿ ಬೇರೆ ತೋಳಿರಲಿಲ್ಲ. ಕೊನೆಗೆ ಮರಿ ಕೈ ಚಾಚಿ ಅಪ್ಪನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು. ಮುಖ ಮಾತ್ರ ನೀರಿನ ಕಡೆಗೆ ತಿರುಗಿಸಿಕೊಂಡಿದ್ದಳು. ಸೇತುವೆ ಮುಗಿಯುವ ತನಕ ಅದನ್ನು ಇತ್ತ ತಿರುಗಿಸಲಿಲ್ಲ.